ಅಳುವ ಮಗು ಇರಲಿ, ಮಾತೇ ಆಡದ ಮಗುವಿಗೆ ಏನು ಮಾಡಲಿ?

ಪ್ರಶ್ನೆ: ನಾನು ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಕಡೆಯ ಒಂದು ಅಂಗನವಾಡಿಯಲ್ಲಿ ಕಾರ್ಯಕರ್ತೆ. ಸುತ್ತಮುತ್ತ ಫ್ಯಾಕ್ಟರಿಗಳಿವೆ. ಕೆಲಸಕ್ಕೆಂದು ಬಿಹಾರ, ಒಡಿಶಾದಿಂದ ಬಂದವರ ಮಕ್ಕಳು ಐದಾರು ಜನ ಹೊಸದಾಗಿ ಬರುತ್ತಿದ್ದಾರೆ. ಮೂರು ವರ್ಷದ ಒಬ್ಬ ಹುಡುಗ ತಾಯಿ ಹೋದ ಮೇಲೆ ಊಟದ ಹೊತ್ತಿನವರೆಗೂ ಅಳುತ್ತಾನೆ. ಅವನನ್ನು ನೋಡಿ ಉಳಿದವರೂ ಶುರು ಮಾಡುತ್ತಾರೆ. ‘ಅವನು ಆಟ ಆಡುವಾಗ ಕಣ್ಣು ತಪ್ಪಿಸಿ ಹೋಗಿಬಿಡಿ’ ಅಂತ ತಾಯಿಗೆ ನಾವೇ ಹೇಳಿದ್ದೇವೆ. ಐದು ವರ್ಷದ ಇನ್ನೊಬ್ಬಳು ಎರಡು ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬರುತ್ತಾಳೆ. ಒಡಿಶಾದ ನಾಲ್ಕು ವರ್ಷದ ಹುಡುಗಿಯಿಂದ ಮಾತ್ರ ಏನೂ ತೊಂದರೆ ಇಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ಕೂತಿರುತ್ತಾಳೆ, ಮಾತಾಡುವುದಿಲ್ಲ. ನನಗೆ ಹಿಂದಿ ಅಷ್ಟಕ್ಕಷ್ಟೆ. ಇವರಲ್ಲಿ ಕೆಲವರು ಆರು ತಿಂಗಳಿಗೆಲ್ಲ ಜಾಗ ಬಿಡುತ್ತಾರೆ. ಅಷ್ಟಕ್ಕೆ ಇಷ್ಟು ಕಷ್ಟಪಡಬೇಕಾ?

ಉತ್ತರ: ಅಕ್ಕೋರೇ, ನಿಮ್ಮ ಪತ್ರದಲ್ಲಿ ಅಳುವ ಹುಡುಗನ ಬಗ್ಗೆ ಜಾಸ್ತಿ ಇದೆ. ಆದರೆ ನಾನು ಚಪ್ಪಲಿ ಹಿಡಿದು ಕೂತ ಹುಡುಗಿಯಿಂದ ಶುರು ಮಾಡುತ್ತೇನೆ. ನನಗೆ ಅವಳದೇ ಚಿಂತೆ.

ಅಳುವ ಮಗು ಇನ್ನೂ ಕೇಳುತ್ತಿದೆ. ನನ್ನ ಅಮ್ಮನನ್ನು ಕರೆಸಿ, ನನ್ನನ್ನು ಎತ್ತಿಕೊಳ್ಳಿ ಅಂತ ಹೇಳುತ್ತಿದೆ. ಕೇಳಿದರೆ ಯಾರಾದರೂ ಬರುತ್ತಾರೆ ಅನ್ನೋ ನಂಬಿಕೆ ಅದಕ್ಕೆ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬುವರು ಆಸ್ಪತ್ರೆಗೆ ಸೇರಿದ ಪುಟ್ಟ ಮಕ್ಕಳನ್ನು ಹತ್ತಿರದಿಂದ ಗಮನಿಸಿದ್ದರು. ಆಗೆಲ್ಲ ತಾಯಂದಿರನ್ನು ಮಕ್ಕಳ ವಾರ್ಡಿನೊಳಗೆ ಅಪರೂಪಕ್ಕೆ ಬಿಡುತ್ತಿದ್ದರು. ಮಕ್ಕಳು ಮೊದಲು ಅತ್ತು ರಂಪ ಮಾಡುತ್ತಿದ್ದವು, ಆಮೇಲೆ ಸುಮ್ಮನಾಗುತ್ತಿದ್ದವು. ಸದ್ಯ ಒಗ್ಗಿಕೊಂಡಿತು ಅಂತ ನರ್ಸುಗಳು ಅಂದುಕೊಳ್ಳುತ್ತಿದ್ದರು. ರಾಬರ್ಟ್‌ಸನ್ ಅವರಿಗೆ ಕಂಡಿದ್ದು ಬೇರೆ. ಆ ಮಕ್ಕಳು ಆಸೆ ಬಿಟ್ಟಿದ್ದವು. ಅವರು ನೋಡಿದ ಮಕ್ಕಳು ಹಗಲೂ ರಾತ್ರಿ ತಾಯಿಯಿಂದ ದೂರ ಇದ್ದವರು, ನಿಮ್ಮ ಹುಡುಗಿ ಸಂಜೆ ತಾಯಿಯ ಹತ್ತಿರ ಹೋಗುತ್ತಾಳೆ. ಅಷ್ಟು ಗಾಬರಿ ಬೇಡ. ಆದರೆ ‘ತೊಂದರೆ ಕೊಡಲ್ಲ’ ಅನ್ನೋದನ್ನು ‘ಚೆನ್ನಾಗಿದ್ದಾಳೆ’ ಅಂತ ತಿಳಿಯಬೇಡಿ.

ಮೊದಲು ಅವಳ ಮೈ ನೋಡಿ. ಮಂಕಾಗಿ ಕೂರುವುದು ಹಸಿವಿನಿಂದಲೂ ಇರಬಹುದು. ತೀವ್ರ ಅಪೌಷ್ಟಿಕತೆ ಇರುವ ಮಗು ಅಳುವುದೂ ಕಡಿಮೆ, ಆಡುವುದೂ ಕಡಿಮೆ. ತೋಳಿನ ಸುತ್ತಳತೆಯ ಪಟ್ಟಿ ನಿಮ್ಮ ಹತ್ತಿರ ಇದೆ. 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ, ಅಥವಾ ಎರಡೂ ಪಾದ ಊದಿದ್ದರೆ, ಅದು ಅದೇ ದಿನ ಆಶಾ ಕಾರ್ಯಕರ್ತೆಗೆ ಹೇಳಿ ಆಸ್ಪತ್ರೆಗೆ ಕಳಿಸಬೇಕಾದ ಸಂಗತಿ. 11.5ರಿಂದ 12.5ರ ನಡುವೆ ಇದ್ದರೂ ಬಿಡಬೇಡಿ. ತೂಕ, ಎತ್ತರ ಬರೆದಿಡಿ. ಜ್ವರ, ಕೆಮ್ಮು, ಕಿವಿ ಸೋರುವುದು ಇದೆಯಾ ನೋಡಿ.

ಆಮೇಲೆ ಕಿವಿ ಕೇಳುತ್ತದಾ ನೋಡಿ. ಅವಳ ಬೆನ್ನ ಹಿಂದೆ ತಟ್ಟೆ ಸದ್ದು ಮಾಡಿ, ತಿರುಗುತ್ತಾಳಾ? ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ತಾಯಿಗೆ: ಮನೆಯಲ್ಲಿ ಮಾತಾಡುತ್ತಾಳಾ? ಮನೆಯಲ್ಲಿ ವಟವಟ ಅಂತ ಮಾತಾಡಿ ಇಲ್ಲಿ ಮಾತ್ರ ಬಾಯಿ ಬಿಡದಿದ್ದರೆ ನಿಶ್ಚಿಂತೆಯಿಂದಿರಿ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ಎಷ್ಟೋ ವಾರ, ಕೆಲವರು ತಿಂಗಳುಗಟ್ಟಲೆ, ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಬಾಯಿ ಮುಚ್ಚಿರುತ್ತದೆ, ಕಿವಿ ತೆರೆದಿರುತ್ತದೆ. ಆ ಹೊತ್ತಿನಲ್ಲಿ ‘ಹೇಳು, ಹೇಳು’ ಅಂತ ಪೀಡಿಸಬಾರದು. ಮನೆಯಲ್ಲೂ, ಒಡಿಯಾದಲ್ಲೂ ಮಾತು ಕಡಿಮೆ ಇದ್ದರೆ ಕಾಯಬೇಡಿ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಅವರು ಬರುವ ದಿನಕ್ಕೆ ಕಾಯದೆ ಫೋನ್ ಮಾಡಿ ಕೇಳಿ.

ಆ ಚಪ್ಪಲಿ ಅವಳ ಕೈಯಲ್ಲೇ ಇರಲಿ. ಕಸಿದುಕೊಂಡು ಹೊರಗಿಡಬೇಡಿ. ಅದು ಇರುವವರೆಗೆ ತಾನು ಮನೆಗೆ ಹೋಗಬಹುದು ಅನ್ನೋ ಧೈರ್ಯ ಅವಳಿಗಿದೆ. ಬಾಗಿಲ ಹತ್ತಿರವೇ ಕೂರಲಿ. ದಿನಾ ಒಂದಿಷ್ಟು ಹೊತ್ತು ನೀವೋ ಸಹಾಯಕಿಯೋ ಅಲ್ಲೇ ಹೋಗಿ ಪಕ್ಕದಲ್ಲಿ ಕೂರಿ. ಎದುರಿಗೆ ಬೇಡ, ಪಕ್ಕದಲ್ಲಿ. ಸೊಪ್ಪು ಬಿಡಿಸುವ ಕೆಲಸ ಇದ್ದರೆ ಅಲ್ಲೇ ಕೂತು ಮಾಡಿ, ಅವಳ ಮುಂದೆಯೂ ನಾಲ್ಕು ಕಡ್ಡಿ ಇಡಿ. ಮಾತಿಲ್ಲದೆ ಇಬ್ಬರೂ ಕೂಡಿ ಮಾಡಬಹುದಾದ ಕೆಲಸ ಬೇಕು. ಬಟ್ಟಲಿನಿಂದ ಬಟ್ಟಲಿಗೆ ನೀರು ಸುರಿಯುವುದು, ಕಾಳು ಆರಿಸುವುದು, ಮಣ್ಣಿನ ಉಂಡೆ ಮಾಡುವುದು, ಇವಕ್ಕೆ ಭಾಷೆ ಬೇಡ ಅಲ್ವಾ? ಒಂದು ದಿನ ಅವಳು ಕೈ ಚಾಚುತ್ತಾಳೆ. ಆಗ ಹೊಗಳಿ ಚಪ್ಪಾಳೆ ಹೊಡೆಸಬೇಡಿ. ಎಲ್ಲರೂ ತಿರುಗಿ ನೋಡಿದರೆ ಮತ್ತೆ ಒಳಗೆ ಸೇರಿಕೊಳ್ಳುತ್ತಾಳೆ.

ಇನ್ನು ಅಳುವ ಹುಡುಗ. ಕಣ್ಣು ತಪ್ಪಿಸಿ ಹೋಗುವುದನ್ನು ನಾಳೆಯಿಂದಲೇ ನಿಲ್ಲಿಸಿ, ದಯವಿಟ್ಟು. ಆ ಸಲಹೆ ನೀವೊಬ್ಬರೇ ಕೊಟ್ಟಿದ್ದಲ್ಲ, ಎಲ್ಲ ಕಡೆ ಕೊಡುತ್ತಾರೆ. ಆ ಕ್ಷಣಕ್ಕೆ ಅಳು ತಪ್ಪುತ್ತದೆ ನಿಜ. ಆದರೆ ಮಗು ಕಲಿಯುವುದು ಏನು? ‘ನಾನು ಆಟದಲ್ಲಿ ಮೈಮರೆತರೆ ಅಮ್ಮ ಮಾಯವಾಗುತ್ತಾಳೆ.’ ಹಾಗಾಗಿ ಮರುದಿನ ಆಟಕ್ಕೇ ಹೋಗುವುದಿಲ್ಲ, ಸೆರಗು ಬಿಡುವುದಿಲ್ಲ. ಈ ಮಕ್ಕಳ ಮಟ್ಟಿಗೆ ಇದು ಇನ್ನೂ ದೊಡ್ಡದು. ಸ್ವಲ್ಪ ದಿನದ ಹಿಂದೆ ಅಜ್ಜಿ, ಮನೆ, ಓಣಿ, ಗೆಳೆಯರು ಎಲ್ಲ ಒಂದೇ ಸಲಕ್ಕೆ ಇಲ್ಲವಾಗಿದ್ದಾರೆ. ರೈಲು ಹತ್ತುವಾಗ ಯಾರೂ ಅವನಿಗೆ ಬಿಡಿಸಿ ಹೇಳಿರುವುದಿಲ್ಲ. ಉಳಿದಿರುವುದು ಅಮ್ಮ ಒಬ್ಬಳು.

ತಾಯಿ ಹೇಳಿಯೇ ಹೋಗಬೇಕು. ಎತ್ತಿ ಮುದ್ದು ಮಾಡಿ, ಒಂದೇ ಮಾತು ಹೇಳಿ, ನಿಮ್ಮ ಕೈಗೆ ಕೊಟ್ಟು, ನಿಲ್ಲದೆ ಹೋಗಬೇಕು. ಬಾಗಿಲಲ್ಲಿ ಹತ್ತು ಸಲ ತಿರುಗಿ ನೋಡಿದರೆ ಇಬ್ಬರಿಗೂ ಸಂಕಟ. ‘ನಾಲ್ಕು ಗಂಟೆಗೆ ಬರುತ್ತೇನೆ’ ಅಂದರೆ ಮೂರು ವರ್ಷದವನಿಗೆ ಏನು ಗೊತ್ತಾಗುತ್ತದೆ? ‘ಊಟ ಮಾಡಿ, ಮಲಗಿ ಎದ್ದ ಮೇಲೆ ಬರುತ್ತೇನೆ’ ಅನ್ನಲಿ. ಹೇಳಿದ ಮೇಲೆ ಬರಲೇಬೇಕು. ತಾಯಿಗೆ ತಡವಾಗುತ್ತದೆ ಅಂತ ಗೊತ್ತಿದ್ದರೆ ಸುಳ್ಳು ಹೇಳುವುದು ಬೇಡ. ಅವನು ಅಳುತ್ತಾನೆ, ಅಳಲಿ. ನಿಮ್ಮ ತೊಡೆಯ ಮೇಲೆ ಕೂತು ಅಳಲಿ. ‘ಅಮ್ಮ ಬೇಕಲ್ವಾ, ಬರ್ತಾಳೆ’ ಅನ್ನಿ. ‘ಅಳ್ಬೇಡ, ಪೊಲೀಸ್ ಬರ್ತಾನೆ’ ಅನ್ನುವುದನ್ನು ನಿಮ್ಮ ಕೇಂದ್ರದಲ್ಲಿ ಯಾರೂ ಆಡದಂತೆ ನೋಡಿಕೊಳ್ಳಿ. ಮನೆಯಿಂದ ಅಮ್ಮನ ಹಳೇ ಓಢಣಿಯ ತುಂಡೋ ಸೀರೆಯ ತುಂಡೋ ತರಲಿ. ಆ ವಾಸನೆಯೇ ಅವನಿಗೆ ಆಸರೆ. ಒಗೆದು ಕೊಡಿ ಅನ್ನಬೇಡಿ.

ಜರ್ಮನಿಯ ಬರ್ಲಿನ್‌ನಲ್ಲಿ 1980ರ ದಶಕದಲ್ಲಿ ಒಂದು ಪದ್ಧತಿ ರೂಪಿಸಿದರು. ಮೊದಲ ಮೂರು ದಿನ ತಾಯಿಯೋ ತಂದೆಯೋ ಮಗುವಿನ ಜೊತೆಯೇ ಕೇಂದ್ರದಲ್ಲಿ ಕೂರುತ್ತಾರೆ, ಸುಮಾರು ಒಂದು ಗಂಟೆ. ಬಿಟ್ಟು ಹೋಗುವುದೇ ಇಲ್ಲ. ನಾಲ್ಕನೇ ದಿನ ಮೊದಲ ಸಲ ಹೇಳಿ ಹೊರಗೆ ಹೋಗುತ್ತಾರೆ, ಹೆಚ್ಚೆಂದರೆ ಅರ್ಧ ಗಂಟೆ. ಆಗ ಅತ್ತ ಮಗು ಶಿಕ್ಷಕಿಯ ಸಮಾಧಾನಕ್ಕೆ ಸುಮ್ಮನಾದರೆ ಮುಂದೆ ಹೊತ್ತು ಹೆಚ್ಚಿಸುತ್ತಾರೆ. ಆಗದಿದ್ದರೆ ಇನ್ನಷ್ಟು ದಿನ ಜೊತೆಗೆ ಕೂರುತ್ತಾರೆ. ಮಗು ಅಳುತ್ತದೋ ಇಲ್ಲವೋ ಅನ್ನೋದನ್ನು ಅವರು ಎಣಿಸುವುದಿಲ್ಲ. ಅತ್ತಾಗ ನಿಮ್ಮಿಂದ ಸಮಾಧಾನ ಪಡೆಯುತ್ತದಾ ಅನ್ನೋದೇ ಅಳತೆ. ಈ ಅಳತೆಯನ್ನು ನೀವೂ ಇಟ್ಟುಕೊಳ್ಳಿ.

ದಿನಗೂಲಿ ತಾಯಿ ಮೂರು ದಿನ ಬಂದು ಕೂರುವುದು ಎಲ್ಲಿಂದ ಬಂತು ಅಂತ ನೀವು ಕೇಳುತ್ತೀರಿ. ಸರಿಯಾದ ಮಾತು. ಒಂದು ದಿನ ತಪ್ಪಿದರೆ ಕೂಲಿಯೂ ಹೋಯಿತು, ಕೆಲಸವೂ ಹೋಗಬಹುದು. ಹಾಗಾಗಿ ತಿರುವಿ ಹಾಕಬೇಕು: ತಾಯಿ ನಿಮ್ಮ ಹತ್ತಿರ ಬರಲಾಗದಿದ್ದರೆ ನೀವು ಅವಳ ಹತ್ತಿರ ಹೋಗಿ. ಮನೆ ಭೇಟಿ ಹೇಗೂ ನಿಮ್ಮ ಕೆಲಸದಲ್ಲಿದೆ. ಅದರಲ್ಲಿ ಎರಡು ಮೂರು ಸಂಜೆಯನ್ನು ಅವರ ಬಾಡಿಗೆ ರೂಮುಗಳ ಸಾಲಿಗೆ ಇಡಿ. ತಾಯಿ ಒಲೆ ಹಚ್ಚುತ್ತಿರಲಿ, ನೀವು ಹೊಸ್ತಿಲ ಮೇಲೆ ಕೂತು ಚಹಾ ಕುಡಿಯಿರಿ. ಮಗು ಅಮ್ಮನ ಮಗ್ಗುಲಲ್ಲಿ ನಿಂತು ನಿಮ್ಮನ್ನು ನೋಡಲಿ. ಅಮ್ಮ ಈ ಹೆಂಗಸಿನ ಜೊತೆ ನಗುತ್ತಾಳೆ, ಇವಳು ನಮ್ಮ ಮನೆಗೆ ಬಂದಿದ್ದಾಳೆ ಅಂತ ಅದು ಗುರುತು ಹಾಕಿಕೊಳ್ಳುತ್ತದೆ. ಕೇಂದ್ರದಲ್ಲಿ ಒಂದು ವಾರ ಅತ್ತು ಕಲಿಯುವುದನ್ನು ಅಲ್ಲಿ ಎರಡು ಸಂಜೆಯಲ್ಲಿ ಕಲಿಯಬಹುದು. ರಜೆಯ ದಿನ ಅಥವಾ ಸಂತೆಯ ದಿನ ತಾಯಿ ಒಂದರ್ಧ ಗಂಟೆ ಕೇಂದ್ರಕ್ಕೆ ಬರಲಿ. ತಂದೆಗೆ ರಾತ್ರಿ ಪಾಳಿ ಇದ್ದರೆ ಬೆಳಗ್ಗೆ ಅವನು ಬಂದು ಕೂರಬಹುದು. ಅಪ್ಪಂದಿರನ್ನು ನಾವು ಕೇಳುವುದೇ ಇಲ್ಲ. ಕೇಳಿದರೆ ಎಷ್ಟೋ ಜನ ಬರುತ್ತಾರೆ.

ನಾನು ಇಷ್ಟೆಲ್ಲ ಹೇಳುವುದಕ್ಕೆ ಕಾರಣ ಒಂದೇ. ತಾಯಿಗೆ ನೆಮ್ಮದಿ ಆಗದೆ ಮಗು ಒಗ್ಗುವುದಿಲ್ಲ. ಅವಳ ಜಾಗದಲ್ಲಿ ನಿಂತು ನೋಡಿ. ಗೊತ್ತಿಲ್ಲದ ಊರು. ಓದಲಾಗದ ಬೋರ್ಡು. ಮಕ್ಕಳ ಕಳ್ಳರ ಬಗ್ಗೆ ಮೊಬೈಲಿನಲ್ಲಿ ಹರಿದಾಡುವ ಸುಳ್ಳು ಸುದ್ದಿ. ನಿಮ್ಮ ಹೆಸರೂ ಅವಳಿಗೆ ಗೊತ್ತಿಲ್ಲ. ಎದೆ ಹೊಡೆದುಕೊಳ್ಳುತ್ತಾ ಮಗುವನ್ನು ಕೊಡುತ್ತಾಳೆ, ಆ ಹೊಡೆತ ಮಗುವಿಗೆ ಕೇಳಿಸುತ್ತದೆ. ಕೇಂದ್ರವನ್ನು ಪೂರ್ತಿ ತೋರಿಸಿ. ಅಡುಗೆ ಎಲ್ಲಿ, ನೀರು ಯಾವುದು, ಮಕ್ಕಳು ಎಲ್ಲಿ ಮಲಗುತ್ತಾರೆ, ಶೌಚಕ್ಕೆ ಯಾರು ಕರೆದುಕೊಂಡು ಹೋಗುತ್ತಾರೆ. ನಿಮ್ಮ ಫೋನ್ ನಂಬರ್ ಅವಳ ಮೊಬೈಲಿನಲ್ಲಿ ಉಳಿಸಿಕೊಡಿ. ಮೊದಲ ಕೆಲವು ದಿನ ಹನ್ನೊಂದು ಗಂಟೆಗೆ ಒಂದು ಫೋಟೊ ಕಳಿಸಿ, ಮಗು ಅಳು ನಿಲ್ಲಿಸಿದ ಮೇಲಿನದು. ಅದು ತಾಯಿಗೆ ಮಾತ್ರ. ಸ್ಟೇಟಸ್‌ಗೆ, ಗ್ರೂಪಿಗೆ ಹಾಕಬಾರದು. ಇನ್ನೊಂದು ಮರೆಯಬೇಡಿ: ಮಗುವನ್ನು ಕರೆದೊಯ್ಯಲು ಯಾರು ಯಾರು ಬರಬಹುದು ಅಂತ ತಾಯಿಯಿಂದಲೇ ಕೇಳಿ ಬರೆದಿಟ್ಟುಕೊಳ್ಳಿ. ಪಕ್ಕದ ರೂಮಿನ ‘ಚಾಚಾ’ ಬಂದ ಅಂತ ಸುಮ್ನೆ ಕಳಿಸಬೇಡಿ. ಮೊದಲು ತಾಯಿಗೆ ಫೋನ್ ಮಾಡಿ.

ತಮ್ಮನನ್ನು ಹೊತ್ತು ತರುವ ಹುಡುಗಿಯ ವಿಷಯಕ್ಕೆ ಬರೋಣ. ನಿಮ್ಮಲ್ಲಿ ಶಾಲಾಪೂರ್ವ ಶಿಕ್ಷಣ ಮೂರರಿಂದ ಆರು ವರ್ಷದವರಿಗೆ. ಮೂರರ ಒಳಗಿನವರಿಗೆ ಆಹಾರ ಮನೆಗೆ ಹೋಗುತ್ತದೆ. ನಿಯಮ ನೋಡಿದರೆ ತಮ್ಮ ಅಲ್ಲಿ ಕೂರುವಂತಿಲ್ಲ. ಆದರೆ ಅವನನ್ನು ವಾಪಸ್ ಕಳಿಸಿದರೆ ಅಕ್ಕನೂ ಹೋಗುತ್ತಾಳೆ. ಐದು ವರ್ಷದವಳು ದಿನವಿಡೀ ರೂಮಿನಲ್ಲಿ ಎರಡು ವರ್ಷದವನನ್ನು ನೋಡಿಕೊಳ್ಳುತ್ತಾಳೆ, ಒಲೆ ಪಕ್ಕ, ನೀರಿನ ಡ್ರಮ್ಮಿನ ಪಕ್ಕ. ನನ್ನ ಕೇಳಿದರೆ ಅವನು ಕೂರಲಿ, ಮೇಲ್ವಿಚಾರಕಿಗೆ ಬರಹದಲ್ಲಿ ತಿಳಿಸಿ. ಇಬ್ಬರನ್ನೂ ಬೇರೆ ಮಾಡುವ ಆತುರ ಬೇಡ. ಮೊದಲ ದಿನಗಳಲ್ಲಿ ಅಕ್ಕನೇ ಅವನಿಗೆ ಅಮ್ಮ. ನಿಧಾನಕ್ಕೆ ಸಹಾಯಕಿ ಅವನನ್ನು ಎತ್ತಿಕೊಳ್ಳಲಿ, ಅವಳ ಸೊಂಟ ಖಾಲಿಯಾಗಲಿ. ಆಡುವುದಕ್ಕೆ ಅವಳಿಗೂ ಎರಡು ಕೈ ಬೇಕು.

ಇಂಥ ಕಡೆ ಶಿಶುಪಾಲನಾ ಕೇಂದ್ರ ಇರಬೇಕಿತ್ತು. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಹೆಣ್ಣಾಳುಗಳ ಮಕ್ಕಳಿಗೆ ಇಂಥ ಕೋಣೆ ಇರಬೇಕು ಎಂದಿತ್ತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೂ ಇತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದಾಗ, 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದು ಅಂತ ಸೇರಿಸಿದರು. ಗುತ್ತಿಗೆದಾರನ ಪಟ್ಟಿಯಲ್ಲಿ ಹೆಸರೇ ಇಲ್ಲದ ಹೆಂಗಸಿಗೆ ಇದರಿಂದ ಏನು ಸಿಕ್ಕಿತು? ಕೇಂದ್ರ ಸರ್ಕಾರದ ಮಿಷನ್ ಶಕ್ತಿಯ ಕೆಳಗೆ ಬರುವ ಪಾಲನಾ ಯೋಜನೆಯಲ್ಲಿ ಅಂಗನವಾಡಿಗೇ ಶಿಶುಪಾಲನಾ ಕೇಂದ್ರ ಜೋಡಿಸಬಹುದು. ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ, ದಿನಕ್ಕೆ ಏಳೂವರೆ ಗಂಟೆ, ತಿಂಗಳಿಗೆ 26 ದಿನ. ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶುರು ಮಾಡಿತು, ಅದು ಉದ್ಯೋಗ ಖಾತ್ರಿಯವರ ಮಕ್ಕಳಿಗೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ, ವಲಸೆ ಬಂದವರ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರಾ ಅಂತ ಪಿಡಿಒ ಅವರನ್ನು ಕೇಳಿ. ಎಷ್ಟು ಮಕ್ಕಳಿದ್ದಾರೆ, ಹೆಸರೇನು, ಯಾವ ವಯಸ್ಸು, ತಾಯಂದಿರು ಎಷ್ಟು ಹೊತ್ತಿಗೆ ಕೆಲಸಕ್ಕೆ ಹೋಗುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆದು ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರಿಗೆ ಕೊಡಿ. ಹೆಸರಿದ್ದ ಪಟ್ಟಿಯನ್ನು ಪಕ್ಕಕ್ಕಿಡುವುದು ಕಷ್ಟ.

ಭಾಷೆಗೆ ನೀವು ಅಷ್ಟು ಹೆದರಬೇಕಿಲ್ಲ. ನಿಮಗೆ ಬೇಕಾದದ್ದು ಹತ್ತು ಹನ್ನೆರಡು ಮಾತು. ನೀರು, ಹಸಿವು, ಉಚ್ಚೆ, ನೋವು, ಬಾ, ನಿದ್ದೆ, ಅಮ್ಮ ಬರ್ತಾಳೆ. ಇವನ್ನು ತಾಯಿಯಿಂದಲೇ ಕೇಳಿ ಬರೆದುಕೊಳ್ಳಿ. ಬಿಹಾರದವರೆಂದರೆ ಹಿಂದಿ ಅಂತ ನಾವು ತಿಳಿಯುತ್ತೇವೆ. ಮನೆಯಲ್ಲಿ ಭೋಜಪುರಿಯೋ ಮೈಥಿಲಿಯೋ ಇರಬಹುದು, ಆ ಮೂರು ವರ್ಷದವನಿಗೆ ಹಿಂದಿಯೂ ಪರಭಾಷೆಯೇ. ತಾಯಿ ಹಾಡುವ ಜೋಗುಳವನ್ನು ನಿಮ್ಮ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಮಲಗಿಸುವಾಗ ಹಾಕಿ. ‘ಮನೆಯಲ್ಲಿ ಕನ್ನಡ ಮಾತಾಡಿ’ ಅಂತ ತಾಯಿಗೆ ಮಾತ್ರ ಹೇಳಬೇಡಿ. ಅವಳಿಗೆ ಬರದ ಭಾಷೆಯಲ್ಲಿ ಅವಳು ಮಗುವಿಗೆ ಏನು ಕೊಟ್ಟಾಳು? ಮನೆಮಾತು ಗಟ್ಟಿಯಾಗಿದ್ದರೆ ಕನ್ನಡವೂ ಚೆನ್ನಾಗಿ ಬರುತ್ತದೆ. ಅದು ಆಟದಲ್ಲಿ, ಅಭಿನಯ ಗೀತೆಯಲ್ಲಿ, ದಿನಾ ಅದೇ ಹೊತ್ತಿಗೆ ಅದೇ ಮಾತು ಕೇಳಿ ಕೇಳಿ ಬರುತ್ತದೆ. ಕೈ ತೊಳೆಯುವಾಗ ದಿನಾ ‘ಬಾ, ಕೈ ತೊಳ್ಕೋ’ ಅನ್ನಿ. ಮಾತು ಬದಲಿಸಬೇಡಿ.

ಮಕ್ಕಳನ್ನು ಹೆಸರು ಹಿಡಿದೇ ಕರೆಯಿರಿ. ‘ಹಿಂದಿಯವರ ಹುಡುಗ’, ‘ಬಿಹಾರಿ’ ಅಂತ ದೊಡ್ಡವರು ಕರೆದರೆ ನಾಳೆ ಮಕ್ಕಳೂ ಕರೆಯುತ್ತಾರೆ. ಮನೆಯಲ್ಲಿ ಕರೆಯುವ ಮುದ್ದಿನ ಹೆಸರು ಕೇಳಿಕೊಂಡು, ಸರಿಯಾಗಿ ಉಚ್ಚರಿಸಲು ಕಲಿಯಿರಿ. ‘ನಮ್ಮ ಮಕ್ಕಳ ಮೊಟ್ಟೆ ಅವರಿಗೂ ಹೋಗ್ತದೆ’ ಅಂತ ಊರಿನ ತಾಯಂದಿರು ಗೊಣಗಬಹುದು. ಮಕ್ಕಳ ಲೆಕ್ಕಕ್ಕೆ ತಕ್ಕಂತೆ ಆಹಾರ ಬರುತ್ತದೆ, ಯಾರ ಪಾಲೂ ಕಡಿಮೆಯಾಗಲ್ಲ ಅಂತ ಬಿಡಿಸಿ ಹೇಳಿ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗದಿಂದ ಎಷ್ಟು ಮನೆಗಳು ಬೆಂಗಳೂರಿಗೆ, ಗೋವಾಕ್ಕೆ ಗುಳೆ ಹೋಗಿಲ್ಲ? ಅಲ್ಲಿ ಕಟ್ಟಡದ ಪಕ್ಕ ಮರಳಿನ ರಾಶಿ ಮೇಲೆ ಆಡುವ ನಮ್ಮ ಮಕ್ಕಳನ್ನು ಯಾರಾದರೂ ಒಳಗೆ ಕರೆದು ಕೂರಿಸಲಿ ಅಂತ ನಾವು ಬಯಸುತ್ತೇವೆ ಅಲ್ವಾ? ಈ ಮಾತು ನಮ್ಮ ಕಡೆಯವರಿಗೆ ಬೇಗ ತಟ್ಟುತ್ತದೆ.

ಊಟದ ವಿಷಯ. ನಮ್ಮ ಕಡೆಯ ಖಾರ ಒಡಿಶಾದ ಮಕ್ಕಳಿಗೆ ತಡೆಯುವುದಿಲ್ಲ. ಸಾರಿಗೆ ಖಾರ ಹಾಕುವ ಮೊದಲು ಒಂದು ಬಟ್ಟಲು ಬೇಳೆ ತೆಗೆದಿಡಿ. ಅನ್ನ, ಬೇಳೆ ಕಲಸಿಕೊಟ್ಟರೆ ಹೆಚ್ಚಿನ ಮಕ್ಕಳು ತಿನ್ನುತ್ತಾರೆ. ಮೊಟ್ಟೆ ಕೊಡಬಹುದಾ ಅಂತ ತಾಯಿಯನ್ನು ಕೇಳಿ. ಮೊದಲ ವಾರ ಎರಡು ತುತ್ತು ತಿಂದರೂ ಸಾಕು, ಬಾಯಿಗೆ ತುರುಕಬೇಡಿ.

ಕಾಗದಪತ್ರದ ಕಾರಣಕ್ಕೆ ಯಾವ ಮಗುವನ್ನೂ ಹೊರಗಿಡಬೇಡಿ. ಅಂಗನವಾಡಿ ಮಕ್ಕಳ ವಿವರ ದಾಖಲಿಸುವ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಸೇರಿಸಲು ಮಗುವಿನ ಆಧಾರ್ ಕಡ್ಡಾಯವಲ್ಲ, ತಾಯಿಯದು ಸಾಕು. ಊರಿನ ಅಂಗನವಾಡಿಯಲ್ಲಿ ಮೊದಲೇ ಹೆಸರಿದ್ದರೆ ಅಲ್ಲಿಂದ ಇಲ್ಲಿಗೆ ವರ್ಗ ಮಾಡಿಸಿಕೊಳ್ಳಬಹುದು, ಬೇರೆ ರಾಜ್ಯವಾದರೂ ಸರಿ. ಲಸಿಕೆ ಕಾರ್ಡು ಊರಲ್ಲೇ ಉಳಿದಿರುತ್ತದೆ. ಅದರ ಫೋಟೊ ತೆಗೆದು ಕಳಿಸಲು ಅಜ್ಜಿ ಮನೆಯವರಿಗೆ ಹೇಳಿಸಿ. ಸಿಗದಿದ್ದರೆ ಆರೋಗ್ಯ ಸಹಾಯಕಿಯನ್ನು ಕರೆಸಿ. ದಡಾರ–ರುಬೆಲ್ಲಾ ಲಸಿಕೆ ತಪ್ಪಿದ್ದರೆ ಐದು ವರ್ಷದೊಳಗೆ ಹಾಕಿಸಬಹುದು. ಒತ್ತೊತ್ತಾಗಿರುವ ರೂಮುಗಳಲ್ಲಿ ದಡಾರ ಬೇಗ ಹರಡುತ್ತದೆ, ಇದನ್ನು ಮುಂದೂಡಬೇಡಿ.

ಆರು ತಿಂಗಳಿಗೆ ಹೋಗುವವರಿಗೆ ಇಷ್ಟು ಕಷ್ಟಪಡಬೇಕಾ ಅಂತ ಕೇಳಿದ್ದೀರಿ. ಬೇಕು. ಮೂರು ವರ್ಷದವನ ಬದುಕಿನಲ್ಲಿ ಆರು ತಿಂಗಳು ಅಂದರೆ ಆರರಲ್ಲಿ ಒಂದು ಪಾಲು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅಮ್ಮ ಅಲ್ಲದ ಒಬ್ಬರ ಹತ್ತಿರವೂ ನೆಮ್ಮದಿಯಿಂದ ಇರಬಹುದು ಅಂತ ಒಮ್ಮೆ ಕಲಿತ ಮಗುವಿಗೆ ಮುಂದಿನ ಊರಿನ ಅಂಗನವಾಡಿಯಲ್ಲಿ ಅಷ್ಟು ಕಷ್ಟ ಆಗುವುದಿಲ್ಲ. ಆದರೆ ಹೋಗುವಾಗ ಹೇಳದೆ ಹೋಗುವಂತಾಗಬಾರದು. ‘ಹೊರಡುವ ಎರಡು ದಿನ ಮೊದಲು ನನಗೆ ಹೇಳಿ’ ಅಂತ ತಾಯಂದಿರಿಗೆ ಈಗಲೇ ಹೇಳಿಡಿ. ಆ ಮಗುವಿಗೂ ಉಳಿದ ಮಕ್ಕಳಿಗೂ ‘ಇವನು ಬೇರೆ ಊರಿಗೆ ಹೋಗ್ತಾನೆ’ ಅಂತ ತಿಳಿಸಿ. ತೂಕ, ಎತ್ತರ, ಹಾಕಿಸಿದ ಲಸಿಕೆಯ ತಾರೀಖು, ಮನೆಮಾತು, ಮಗುವಿಗೆ ಏನು ಇಷ್ಟ, ನಿಮ್ಮ ಫೋನ್ ನಂಬರ್, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ತಾಯಿಯ ಕೈಗೆ ಕೊಡಿ. ಫೋಟೊ ತೆಗೆದು ಅವಳ ಮೊಬೈಲಿಗೂ ಹಾಕಿ, ಕಾಗದ ಕಳೆಯುತ್ತದೆ.

ನಿಮ್ಮ ಮೇಲೆ ಹೊರೆ ಜಾಸ್ತಿ ಅಂತ ನನಗೆ ಗೊತ್ತು. ಸಮೀಕ್ಷೆ, ಆ್ಯಪ್, ಸಭೆ ಎಲ್ಲ ನಿಮ್ಮ ತಲೆಗೇ. ಹಾಗಾಗಿ ಐದಾರು ಹೊಸ ಮಕ್ಕಳನ್ನು ಒಂದೇ ವಾರದಲ್ಲಿ ಒಗ್ಗಿಸಲು ಹೋಗಬೇಡಿ. ಈ ವಾರ ಇಬ್ಬರನ್ನು ಹಿಡಿಯಿರಿ, ಆ ಹುಡುಗಿ ಮತ್ತು ಅಳುವ ಹುಡುಗ. ಸಹಾಯಕಿ ಅಕ್ಕ–ತಮ್ಮನನ್ನು ನೋಡಿಕೊಳ್ಳಲಿ. ಉಳಿದವರಿಗೆ ಊರಿನ ಮಕ್ಕಳಲ್ಲಿ ಒಬ್ಬೊಬ್ಬರು ಜೊತೆಗಾರರನ್ನು ಹಾಕಿ. ಹುಡುಗಿಯ ತೋಳಿನ ಅಳತೆ ನಾಳೆಯೇ ಆಗಲಿ. ನಾಲ್ಕು ವಾರ ಆದ ಮೇಲೂ ಅವಳು ಊಟ ಮಾಡದೆ, ಯಾರ ಕಡೆಗೂ ನೋಡದೆ, ಹಾಗೆಯೇ ಕೂತಿದ್ದರೆ ನನಗೆ ಮತ್ತೆ ಬರೆಯಿರಿ. ಮನೆಯಲ್ಲಿ ಹೇಗಿದ್ದಾಳೆ ಅಂತ ತಾಯಿ ಹೇಳಿದ್ದನ್ನೂ ಬರೆಯಿರಿ, ಮತ್ತು ಅಷ್ಟರೊಳಗೆ ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿರಿ.